ಹಲ್ಲು ಕಚ್ಚಿ ಸಹಿಸಿದವರ ತಲೆನೋವು

ಕಷ್ಟವನ್ನು ಹೊರಗೆ ಹೇಳದವನು ‘ಹಲ್ಲು ಕಚ್ಚಿ ಸಹಿಸಿದ’ ಎನ್ನುತ್ತೇವೆ. ಸಿಟ್ಟನ್ನು ಒಳಗಿಟ್ಟುಕೊಂಡವನು ‘ಹಲ್ಲು ಮಸೆದ’ ಎನ್ನುತ್ತೇವೆ. ಇವು ಬರಿಯ ಮಾತಿನ ಅಲಂಕಾರಗಳಲ್ಲ. ಹಗಲಿನಲ್ಲಿ ಅರಿವಿಲ್ಲದೆ ದವಡೆ ಬಿಗಿಹಿಡಿಯುವವರೂ ನಿದ್ದೆಯಲ್ಲಿ ಹಲ್ಲು ಕಡಿಯುವವರೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಕೆಲವರಿಗೆ ಬೆಳಗಾಗುವಾಗಲೇ ಕಣತಲೆ ನೋಯುತ್ತಿರುತ್ತದೆ.

ದವಡೆಗೂ ತಲೆಗೂ ಏನು ಸಂಬಂಧ? ಕಣತಲೆಯ ಮೇಲೆ ಬೆರಳಿಟ್ಟು ಒಮ್ಮೆ ಹಲ್ಲು ಕಚ್ಚಿ ನೋಡಬಹುದು. ಬೆರಳಿನಡಿ ಸ್ನಾಯುವೊಂದು ಉಬ್ಬುತ್ತದೆ. ಬೀಸಣಿಗೆಯಂತೆ ಹರಡಿರುವ ಈ ಸ್ನಾಯು ಕೆಳದವಡೆಯನ್ನು ಮೇಲೆತ್ತುತ್ತದೆ. ರಾತ್ರಿಯೆಲ್ಲ ದುಡಿದರೆ ಅದು ದಣಿದು ನೋಯುವುದು ಸಹಜ.

ಪುತ್ತೂರು, ಸುಳ್ಯ, ಕಡಬಗಳ ಅಡಿಕೆ ಬೆಳೆಗಾರನಿಗೆ ಚಿಂತೆಯ ಕಾರಣಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆರೋಗ, ಸಂಪಾಜೆಯ ಕಡೆ ತೋಟಗಳನ್ನೇ ಬರಿದುಮಾಡಿದ ಹಳದಿ ಎಲೆ ರೋಗ. ಹಲ್ಲು ಕಡಿಯುವುದಕ್ಕೆ ಚಿಂತೆಯೊಂದೇ ಕಾರಣವಲ್ಲವಾದರೂ ಅದು ಮುಖ್ಯವಾದುದು. ಇದರೊಡನೆ ದಿನವಿಡೀ ಅಡಿಕೆ ಅಗಿದರೆ ದವಡೆಗೆ ವಿಶ್ರಾಂತಿ ಎಲ್ಲಿಯದು? ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಸಾರಿದೆ. ಅದನ್ನು ಬೆಳೆದು ಬದುಕುವ ನಾಡಿಗೆ ಇದು ಕಹಿಮಾತು; ಆದರೂ ಹೇಳಲೇಬೇಕಾದುದು.

ಪರಿಹಾರ ಸರಳವಾಗಿಯೇ ಆರಂಭವಾಗುತ್ತದೆ. ಮಾತನಾಡದಿರುವಾಗ, ಉಣ್ಣದಿರುವಾಗ ತುಟಿ ಮುಚ್ಚಿರಲಿ, ಹಲ್ಲುಗಳು ಒಂದನ್ನೊಂದು ತಾಗದಿರಲಿ. ನೋವಿದ್ದಾಗ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಕೆನ್ನೆಗೆ, ಕಣತಲೆಗೆ ಇಡಬಹುದು. ಬೆರಳಿನಿಂದ ಮೆಲ್ಲನೆ ನೀವಬಹುದು. ಕೆಲವು ದಿನ ಗಂಜಿಯಂತಹ ಮೆದು ಆಹಾರ ಹಿತ. ಸಂಜೆಯ ಮೇಲೆ ಕಾಫಿ, ಮದ್ಯ, ಹೊಗೆಸೊಪ್ಪು ಬೇಡ. ನೋವಿನ ಮಾತ್ರೆಯನ್ನು ದಿನವೂ ನುಂಗುವುದು ಸಲ್ಲದು. ಅತಿಯಾದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗುತ್ತದೆ.

ಹಲ್ಲು ಸವೆಯುತ್ತಿದ್ದರೆ ದಂತವೈದ್ಯರು ರಾತ್ರಿ ಧರಿಸುವ ಕವಚವನ್ನು ಅಳತೆಗೆ ಮಾಡಿಕೊಡುತ್ತಾರೆ. ಅದು ಹಲ್ಲನ್ನು ಕಾಯುತ್ತದೆ. ಕಡಿಯುವ ಅಭ್ಯಾಸವನ್ನೇ ಬಿಡಿಸುತ್ತದೆಂದು ನಂಬುವಂತಿಲ್ಲ. ಇದಕ್ಕಾಗಿ ದೂರ ಹೋಗಬೇಕಾಗಿಲ್ಲ, ಸುಳ್ಯದಲ್ಲಿಯೇ ಕೆ.ವಿ.ಜಿ. ದಂತವೈದ್ಯಕೀಯ ಕಾಲೇಜು ಇದೆ. ಗಟ್ಟಿಯಾದ ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವಿಕೆ ಇದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು.

ಒಂದು ಎಚ್ಚರಿಕೆ. ಐವತ್ತು ದಾಟಿದವರಲ್ಲಿ ಹೊಸದಾಗಿ ಕಣತಲೆ ನೋವು ಬಂದು, ಅಗಿಯುವಾಗ ದವಡೆ ಸೋತು, ದೃಷ್ಟಿ ಮಸುಕಾದರೆ ಅದು ರಕ್ತನಾಳದ ಉರಿಯೂತವಿರಬಹುದು. ತಡಮಾಡಿದರೆ ಕಣ್ಣೇ ಹೋದೀತು. ಸಿಡಿಲಿನಂತೆ ಎರಗಿದ ತಲೆನೋವು, ಕೈಕಾಲಿನ ಬಲಹೀನತೆ, ಮಾತಿನ ತೊದಲು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಉಳಿದಂತೆ, ಹಲ್ಲು ಕಚ್ಚಿ ಸಹಿಸುವುದನ್ನು ನಾವು ಗುಣವೆಂದು ಹೊಗಳುತ್ತ ಬಂದಿದ್ದೇವೆ. ಮನಸ್ಸಿನ ಭಾರವನ್ನು ಮನೆಯವರೆದುರು ಬಾಯಿಬಿಟ್ಟು ಹೇಳಿಕೊಂಡರೆ, ಅಷ್ಟರಮಟ್ಟಿಗಾದರೂ ದವಡೆ ಸಡಿಲಗೊಳ್ಳುತ್ತದೆ.