ಜ್ವಾಲೆಯಿಲ್ಲದ ಒಲೆಯಲ್ಲಿ ಕಾವಿನ ಲೆಕ್ಕ

ಒಂಟಾರಿಯೊದ ಬ್ರಾಂಪ್ಟನ್, ಮಿಸಿಸಾಗ, ಸ್ಕಾರ್ಬರೋಗಳ ಬಾಡಿಗೆ ಮನೆಗಳಲ್ಲಿ ಸಂಸಾರ ಹೂಡುವ ಕನ್ನಡಿಗರಿಗೆ ಹೆಚ್ಚಾಗಿ ಸಿಗುವುದು ಕರೆಂಟಿನ ಒಲೆ, ಸುರುಳಿಯದೋ ಗಾಜಿನ ಹಾಸಿನದೋ. ಊರಿನ ಗ್ಯಾಸಿನಲ್ಲಿ ನೀಲಿ ಉರಿ ನೋಡುತ್ತಾ ಕೈ ತಾನಾಗಿ ಗುಂಡಿ ತಿರುಗಿಸುತ್ತಿತ್ತು. ಇಲ್ಲಿ ಕಣ್ಣಿಗೆ ಕಾಣುವುದು ಬರೀ ಅಂಕಿಗಳು. ಅವನ್ನೇ ನಂಬಿದರೆ ಒಗ್ಗರಣೆ ಸೀಯುತ್ತದೆ, ದೋಸೆ ಕಾವಲಿಗೆ ಅಂಟುತ್ತದೆ. ಇಂಥ ಬಹುಪಾಲು ಒಲೆಗಳಲ್ಲಿ ಸುರುಳಿ ಪೂರ್ತಿ ಬಲದಲ್ಲಿ ಕಾಯುತ್ತದೆ, ಆಮೇಲೆ ತುಸು ಹೊತ್ತು ಆರುತ್ತದೆ, ಮತ್ತೆ ಕಾಯುತ್ತದೆ. ಗುಂಡಿ ನಿರ್ಧರಿಸುವುದು ಈ ಸರದಿಯ ಅವಧಿಯನ್ನು ಮಾತ್ರ. ಐದರ ಅಂಕಿಯಲ್ಲಿಟ್ಟ ತೆಳು ಬಾಣಲೆ ಬೇಗ ಕಾದುಬಿಡುತ್ತದೆ, ಬೀಡಿನ ಕಾವಲಿ ನಿಧಾನಕ್ಕೆ ಕಾದು ಬಹಳ ಹೊತ್ತು ಆರುವುದಿಲ್ಲ. ಆದ್ದರಿಂದ ಪದಾರ್ಥವೇ ಕೊಡುವ ಸುಳಿವು ಹಿಡಿದು ಕಾವು ಹೊಂದಿಸಬೇಕು.

ನೀರಿನ ಅಡುಗೆಯಲ್ಲಿ ಇದು ಸುಲಭ. ಸಾರಾಗಲಿ ಹುಳಿಯಾಗಲಿ, ಕುದಿ ಬಂದ ಮೇಲೆ ಗುಂಡಿ ಎಷ್ಟೇ ಏರಿಸಿದರೂ ನೀರು ಸುಮಾರು 100 ಡಿಗ್ರಿಯಲ್ಲೇ ನಿಲ್ಲುತ್ತದೆ. ಹೆಚ್ಚಿನ ಕಾವು ತಳ ಹಿಡಿಸುತ್ತದೆ, ಅಷ್ಟೇ. ಕುಕ್ಕರಿನ ಒತ್ತಡದಲ್ಲಿ ನೀರು ಸುಮಾರು 120 ಡಿಗ್ರಿಗೆ ಏರುತ್ತದೆ. ವಿಷಲ್ ಬಂದ ಮೇಲೂ ಜೋರಾಗಿಟ್ಟರೆ ಆವಿ ಹೊರಗೆ ಹೋಗುತ್ತದೆಯೇ ಹೊರತು ಬೇಳೆ ಬೇಗ ಬೇಯುವುದಿಲ್ಲ. ಮಜ್ಜಿಗೆ ಹುಳಿಯನ್ನಂತೂ ಅಂಚಿನಲ್ಲಿ ಗುಳ್ಳೆ ಕಂಡೊಡನೆ ಇಳಿಸಬೇಕು, ಕುದಿಸಿದರೆ ಒಡೆಯುತ್ತದೆ.

ಎಣ್ಣೆಗೆ ಅಂಥ ಕಡಿವಾಣವಿಲ್ಲ, ಕಾಯಿಸಿದಷ್ಟೂ ಕಾಯುತ್ತದೆ. ಒಳಗಿನ ತೇವ ಆವಿಯಾಗಿ ಸಿಪ್ಪೆ ಒಡೆದಾಗ ಸಾಸಿವೆ ಸಿಡಿಯುತ್ತದೆ. ಅಷ್ಟು ಕಾದ ಎಣ್ಣೆಯಲ್ಲಿ ಒಣಮೆಣಸಿನಕಾಯಿ ಕಪ್ಪಾಗಲು ಹೆಚ್ಚು ಹೊತ್ತು ಬೇಡ. ಗ್ಯಾಸ್ ಆರಿಸಿದರೆ ಉರಿ ಅಲ್ಲಿಗೇ ನಿಲ್ಲುತ್ತದೆ, ಸುರುಳಿಯಾದರೋ ಆರಿಸಿದ ಮೇಲೂ ಸುಡುತ್ತಲೇ ಇರುತ್ತದೆ. ಹಾಗಾಗಿ ಸಿಡಿತ ಶುರುವಾದೊಡನೆ ಬಾಣಲೆಯನ್ನು ಒಲೆಯಿಂದ ಸರಿಸಿ, ಉಳಿದ ಕಾವಿನಲ್ಲೇ ಮೆಣಸಿನಕಾಯಿ, ಇಂಗು, ಕರಿಬೇವು ಹಾಕಬೇಕು. ದೋಸೆಗೂ ಇದೇ ಎಚ್ಚರ ಬೇಕು. ಹುಯ್ದ ಹಿಟ್ಟು ಸೌಟಿಗೇ ಸುತ್ತಿಕೊಂಡು ಬಂದರೆ ಕಾವಲಿ ಅತಿಯಾಗಿ ಕಾದಿದೆ, ನೀರು ಚಿಮುಕಿಸಿ ಒರೆಸಬೇಕು. ಹರಡಿದ ಹಿಟ್ಟಿನಲ್ಲಿ ತೂತು ಏಳದಿದ್ದರೆ ಕಾವು ಸಾಲದು. ನಾನ್‌ಸ್ಟಿಕ್ ಕಾವಲಿಯನ್ನು ಮಾತ್ರ ಖಾಲಿಯಾಗಿ ಜೋರು ಕಾವಿನಲ್ಲಿ ಬಿಡಲೇಬಾರದು. ಅದರ ಲೇಪ 260 ಡಿಗ್ರಿ ದಾಟಿದರೆ ಕೆಡತೊಡಗುತ್ತದೆ.

ಇಂಡಕ್ಷನ್ ಒಲೆ ತಂದರೆ ಈ ರಗಳೆಯೇ ಇಲ್ಲವಲ್ಲ ಎನ್ನುವವರಿದ್ದಾರೆ. ಗುಂಡಿಯ ಮಾತನ್ನು ಅದು ಕೂಡಲೇ ಕೇಳುತ್ತದೆ, ನಿಜ. ಆದರೆ ಬಾಡಿಗೆದಾರರಿಗೆ ಒಲೆ ಬದಲಿಸುವ ಸ್ವಾತಂತ್ರ್ಯ ಕಡಿಮೆ, ಊರಿಂದ ತಂದ ಅಲ್ಯೂಮಿನಿಯಂ ಪಾತ್ರೆಗಳು ಸಾಮಾನ್ಯವಾಗಿ ಅದರ ಮೇಲೆ ಕಾಯುವುದೂ ಇಲ್ಲ. ಕೆಲಸದಿಂದ ಬಂದ ಸಂಜೆ ಜೋರು ಕಾವೇ ಸಮಯ ಉಳಿಸುತ್ತದೆ ಎಂಬ ವಾದವೂ ಇದೆ. ನೀರು ಕುದಿಗೆ ಬರುವವರೆಗೆ ಅದು ಸರಿ, ಅಲ್ಲಿಂದಾಚೆಗೆ ಕರೆಂಟು ದಂಡ. ಎಣ್ಣೆಯ ವಿಷಯದಲ್ಲಂತೂ ಆ ಅವಸರ ಅಪಾಯ. ಹೊಗೆಯ ಅಲಾರಂ ಕೂಗುತ್ತದೆಂದು ಅದನ್ನು ಕಳಚಿಡುವುದು ಒಂಟಾರಿಯೊದಲ್ಲಿ ಕಾನೂನಿಗೆ ವಿರುದ್ಧ. ಅದರ ಬದಲು ಕಾವು ತಗ್ಗಿಸಿ, ಎಣ್ಣೆ ಒಲೆಯ ಮೇಲಿರುವಾಗ ಅಡುಗೆಮನೆ ಬಿಟ್ಟು ಹೋಗಬೇಡಿ. ಎಣ್ಣೆ ಹೊತ್ತಿಕೊಂಡರೆ ಮುಚ್ಚಳ ಮುಚ್ಚಿ ಒಲೆ ಆರಿಸಿ. ನೀರು ಮಾತ್ರ ಸುರಿಯಬೇಡಿ.