ಮಾತು, ಮತಿ ಮತ್ತು ಮಿದುಳು

2022ನೆಯ ಇಸವಿಯ ಶ್ರಾವಣ ಮಾಸದಲ್ಲಿ ಪುರಾಣ ಪ್ರವಚನದ ನಿಮಿತ್ತ ನಾವು ವಿಜಯಪುರ ಜಿಲ್ಲೆಯ ಗಡಿಭಾಗದ ಒಂದು ಗ್ರಾಮದಲ್ಲಿ ತಿಂಗಳಕಾಲ ತಂಗಿದ್ದೆವು. ಪ್ರವಚನ ನಡೆಯುವಷ್ಟು ದಿನವೂ ದಿನಕ್ಕೊಬ್ಬ ಭಕ್ತರ ಮನೆಯಲ್ಲಿ ಪ್ರಸಾದವಾಗುವುದು ಆ ಊರಿನ ರೂಢಿ. ಹಾಗೆ ಒಂದು ದಿನ ಹೋದ ಮನೆಯ ಯಜಮಾನರು ಎಪ್ಪತ್ತು ದಾಟಿದ ಹಿರಿಯರು. ನಾಲ್ಕು ದಶಕ ಸೊಲ್ಲಾಪುರದ ಪೇಟೆಯಲ್ಲಿ ಅಡತಿ ಅಂಗಡಿ ನಡೆಸಿ, ಊರಿಗೆ ಮರಳಿ, ಪ್ರತಿ ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ತಾವೇ ಮುಂದಾಗಿ ವಚನಗಳನ್ನು ಹಾಡುತ್ತಿದ್ದವರು. ಮೂರು ತಿಂಗಳ ಹಿಂದೆ ಅವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಮಾತು ಪೂರ್ತಿ ನಿಂತಿತ್ತು. ನೀರು ಬೇಕಾದರೂ ಕೇಳಲಾರದ ಸ್ಥಿತಿ.

ನಾವು ಅವರ ಹಾಸಿಗೆಯ ಪಕ್ಕದಲ್ಲಿಯೇ ಕುಳಿತು ಹಿರಿಯ ಮಗನನ್ನು, "ಇವರಿಗೆ ಗುರುತು ಹತ್ತುತ್ತದೆಯೇ?" ಎಂದು ಕೇಳಿದೆವು. ಎದುರಿಗಿದ್ದವರನ್ನು ಬಿಟ್ಟು ಮತ್ತೊಬ್ಬರನ್ನು ಕೇಳುವುದು ಅವಿನಯವೆಂಬ ಅರಿವು ಆ ಕ್ಷಣ ನಮಗೆ ಬರಲಿಲ್ಲ. ಮಗ, "ಏನೂ ತಿಳಿಯಂಗಿಲ್ಲರೀ ಶಾಸ್ತ್ರಿಗಳ, ಸಣ್ಣ ಕೂಸಿನಂಗ ಆಗ್ಯಾರ" ಎಂದ. ಅನಂತರ ಮಾತು ದವಾಖಾನೆಯ ಖರ್ಚಿನ ಕಡೆಗೆ, ಅಲ್ಲಿಂದ ಹೊಲದ ಕಡೆಗೆ ಹೊರಳಿತು. ಮೂರು ಹೊಲಗಳಲ್ಲಿ ಒಂದನ್ನು ಮಾರುವುದೆಂದು ಅಣ್ಣತಮ್ಮಂದಿರು ಮನಸ್ಸು ಮಾಡಿದ್ದರು. ಹಿರಿಯರು ಗೋಡೆಯ ಕಡೆಗೆ ಮುಖ ತಿರುಗಿಸಿದರು, ಕಣ್ಣಲ್ಲಿ ನೀರಿಳಿಯಿತು. ಅದೂ ರೋಗದ ಲಕ್ಷಣವೇ ಎಂದು ಮನೆಯವರು ತಿಳಿದರು. ಲಕ್ವಾ ಆದವರಿಗೆ ಕಾರಣವಿಲ್ಲದೆ ಅಳು ಬರುವುದುಂಟು, ನಿಜ. ಆದರೆ ಆ ದಿನದ ಕಣ್ಣೀರಿಗೆ ಕಾರಣವಿತ್ತು.

ಸಾಯಂಕಾಲ ಲಿಂಗಪೂಜೆಯ ಸಮಯ. ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನು ಇಟ್ಟುಕೊಳ್ಳಲು ಹಿರಿಯರಿಗೆ ಅಡ್ಡಿಯಿರಲಿಲ್ಲ. ಪೂಜಿಸಬೇಕಾದ ಬಲಗೈ ಮಾತ್ರ ಏಳದು. ಸೊಸೆ ಪಕ್ಕದಲ್ಲಿ ಕುಳಿತು ವಿಭೂತಿ ಧರಿಸಿ ಪತ್ರಿ ಏರಿಸಿದಳು. ಮೊಮ್ಮಕ್ಕಳು ಒಂದು ವಚನವನ್ನು ಹಾಡತೊಡಗಿದರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹಾಸಿಗೆಯಿಂದ ಒಂದು ದನಿ ಸೇರಿಕೊಂಡಿತು. ಮೂರು ತಿಂಗಳು ಮಾತನಾಡದ ಹಿರಿಯರು ವಚನವನ್ನು ಅಂಕಿತದವರೆಗೆ ಒಂದು ಪದವೂ ತಪ್ಪದೆ ಹಾಡಿದರು! ಹಾಡು ಮುಗಿದ ಮೇಲೆ "ನೀರು ಬೇಕೇನ್ರೀ ಮಾವಾರ?" ಎಂದು ಸೊಸೆ ಕೇಳಿದಾಗ ಮತ್ತೆ ಅದೇ ಮೌನ.

ಇದು ಶಿವನ ಪವಾಡವೆಂದು ನೆರೆಮನೆಯವರು ಕೈಮುಗಿದರು. ಕಿರಿಯ ಮಗನಿಗೆ ಮಾತ್ರ ಸಿಟ್ಟು ಬಂತು: "ಹಾಡಾಕ ಬರತೈತಿ ಅಂದಮ್ಯಾಲ ಮಾತಾಡಾಕ ಯಾಕ ಬರಂಗಿಲ್ಲ? ಹಟ ಮಾಡತಾರ." ಆಗ ನಮ್ಮಲ್ಲಿಯೂ ಉತ್ತರವಿರಲಿಲ್ಲ. ನಾವು ವೈದ್ಯರಲ್ಲ, ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಲಿತವರು. ಆದರೂ ಆ ಪ್ರಶ್ನೆ ಕಾಡಿದ್ದರಿಂದ ಬಲ್ಲವರನ್ನು ಕೇಳಿ, ಓದಿ ತಿಳಿದದ್ದನ್ನು ನಮ್ಮ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ಲಕ್ವಾ ಬರುವ ಮನೆ ಯಾವುದೆಂದು ಮೊದಲೇ ಬಲ್ಲವರಾರು?

ಬೆಳೆದ ಮನುಷ್ಯನ ಮಿದುಳಿನ ತೂಕ ಹೆಚ್ಚುಕಡಿಮೆ 1.4 ಕಿಲೋಗ್ರಾಂ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರವಿರುವ ಈ ಅಂಗ, ದೇಹ ವ್ಯಯಿಸುವ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ತಾನೇ ಬೇಡುತ್ತದೆ. ಆದುದರಿಂದಲೇ ರಕ್ತನಾಳವೊಂದು ಕಟ್ಟಿಕೊಂಡರೆ ಅದು ತಾಳಲಾರದು. ಮಿದುಳು ಎರಡು ಅರ್ಧಗೋಳಗಳಾಗಿದ್ದು, ಎಡದ್ದು ದೇಹದ ಬಲಭಾಗವನ್ನೂ ಬಲದ್ದು ಎಡಭಾಗವನ್ನೂ ನಡೆಸುತ್ತದೆ. ಬಲಗೈ ರೂಢಿಯವರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಜನರಿಗೆ ಮಾತಿನ ಮುಖ್ಯ ಕೇಂದ್ರಗಳು ಎಡಭಾಗದಲ್ಲಿಯೇ ಇರುತ್ತವೆ. ಬಲಗೈ ಬಿದ್ದವರ ಮಾತೂ ಅನೇಕ ವೇಳೆ ಜೊತೆಯಲ್ಲಿಯೇ ಹೋಗುವುದು ಇದೇ ಕಾರಣದಿಂದ.

ಈ ಸಂಗತಿ ಜಗತ್ತಿಗೆ ತಿಳಿದದ್ದು ಒಬ್ಬ ಬಡರೋಗಿಯಿಂದ. ಪ್ಯಾರಿಸ್ಸಿನ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬುವನು 21 ವರ್ಷಗಳಿಂದ ಇದ್ದನು. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು 'ತಾನ್' ಎಂಬ ಒಂದೇ ಶಬ್ದ. ಆಸ್ಪತ್ರೆಯಲ್ಲಿ ಅವನ ಹೆಸರೇ 'ತಾನ್' ಎಂದಾಯಿತು. 1861ರ ಏಪ್ರಿಲಿನಲ್ಲಿ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯರು ಅವನನ್ನು ಪರೀಕ್ಷಿಸಿ, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದರು. ಬಲಗೈ ಬಿದ್ದಿದ್ದ ಆ ರೋಗಿ ಎಡಗೈಯ ಐದು ಬೆರಳನ್ನೂ ನಾಲ್ಕು ಸಲ ಬಿಡಿಸಿ, ಮತ್ತೊಂದು ಬೆರಳನ್ನು ತೋರಿಸಿದನು. ಇಪ್ಪತ್ತೊಂದು! ಲೆಕ್ಕ ತಪ್ಪಿರಲಿಲ್ಲ. ಮಾತಿಲ್ಲದ ಆ ದೇಹದಲ್ಲಿ ವರ್ಷಗಳನ್ನು ಎಣಿಸುತ್ತ ಕುಳಿತಿದ್ದ ಮನಸ್ಸೊಂದು ಎಚ್ಚರವಾಗಿತ್ತು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಅವನ ಬಾಯಿಂದ ಪೂರ್ತಿ ಬೈಗುಳವೊಂದು ಸ್ಪಷ್ಟವಾಗಿ ಹೊರಬೀಳುತ್ತಿತ್ತಂತೆ. ಈ ಚಿಕ್ಕ ವಿವರವನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಹಿರಿಯರ ಹಾಡಿನ ಬೀಗದಕೈ ಇದರಲ್ಲಿದೆ.

ಅದೇ ತಿಂಗಳಿನಲ್ಲಿ ಲೆಬೋರ್ನ್ ತೀರಿಕೊಂಡನು. ಅವನ ಮಿದುಳಿನ ಎಡಭಾಗದ ಮುಂದುಗಡೆ, ಹಣೆಯ ಪಕ್ಕದ ಒಂದು ಭಾಗ ನಾಶವಾಗಿದ್ದುದನ್ನು ಬ್ರೋಕಾ ಕಂಡರು. ಆ ಮಿದುಳು ಇಂದಿಗೂ ಪ್ಯಾರಿಸ್ಸಿನಲ್ಲಿ ಸಂರಕ್ಷಿತವಾಗಿದೆ. 2007ರಲ್ಲಿ ಆಧುನಿಕ ಯಂತ್ರಗಳಿಂದ ಅದನ್ನು ನೋಡಿದಾಗ ಗಾಯವು ಬ್ರೋಕಾ ಎಣಿಸಿದ್ದಕ್ಕಿಂತ ಆಳಕ್ಕೆ ಇಳಿದಿದ್ದುದು ತಿಳಿಯಿತು. 1874ರಲ್ಲಿ ಜರ್ಮನಿಯ ತರುಣ ವೈದ್ಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದರು. ಕಿವಿಯ ಹಿಂಬದಿಯ ಎಡಭಾಗಕ್ಕೆ ಪೆಟ್ಟಾದವರು ಸರಾಗವಾಗಿ ಮಾತನಾಡುತ್ತಾರೆ, ಆದರೆ ಮಾತಿಗೆ ಅರ್ಥವಿರುವುದಿಲ್ಲ; ಅನ್ಯರ ಮಾತೂ ಅವರಿಗೆ ಸರಿಯಾಗಿ ತಿಳಿಯದು. ಆಡುವ ತೊಂದರೆ ಬೇರೆ, ಅರಿಯುವ ತೊಂದರೆ ಬೇರೆ. ಎರಡೂ ಕೂಡಿ ಬರುವುದೂ ಉಂಟು. ನಮ್ಮ ರೋಗಿಯದು ಯಾವ ಬಗೆಯೆಂದು ವೈದ್ಯರನ್ನು ಕೇಳಿಯೇ ತಿಳಿಯಬೇಕು. ಮಾತು ಎರಡು ಕೋಣೆಗಳಲ್ಲಿ ಅಡಗಿದೆಯೆಂಬ ಹಳೆಯ ಕಲ್ಪನೆ ಈಗ ಸಡಿಲವಾಗಿದ್ದು, ದೂರದೂರದ ಭಾಗಗಳನ್ನು ಹೆಣೆದ ನರತಂತುಗಳ ಜಾಲವೇ ಭಾಷೆಗೆ ಆಧಾರವೆಂದು ವಿಜ್ಞಾನಿಗಳು ಒಪ್ಪಿದ್ದಾರೆ.

ಇನ್ನು ಹಾಡಿನ ವಿಷಯ. 1745ರಷ್ಟು ಹಿಂದೆಯೇ ಸ್ವೀಡನ್ನಿನ ಓಲೊಫ್ ಡಾಲಿನ್ ಎಂಬ ಬರಹಗಾರ, ಲಕ್ವಾದಿಂದ ಮಾತು ಹೋದವನೊಬ್ಬ ಚರ್ಚಿನ ಸ್ತೋತ್ರಗಳನ್ನು ಮಾತ್ರ ಹಾಡಬಲ್ಲವನಾಗಿದ್ದನೆಂದು ಬರೆದಿಟ್ಟಿದ್ದಾನೆ. ಮಾತು ಎರಡು ತೆರನಾಗಿ ಹುಟ್ಟುತ್ತದೆ. "ನನಗೆ ನೀರು ಬೇಕು" ಎಂಬುದು ಆಗಲೇ ಕಟ್ಟಬೇಕಾದ ವಾಕ್ಯ. ಪದ ಹುಡುಕಬೇಕು, ವಿಭಕ್ತಿ ಹಚ್ಚಬೇಕು, ನಾಲಿಗೆಗೆ ಅಪ್ಪಣೆ ಕೊಡಬೇಕು. ಈ ಕೆಲಸ ಎಡ ಅರ್ಧಗೋಳದ್ದು. ಒಂದರಿಂದ ಹತ್ತರವರೆಗಿನ ಎಣಿಕೆ, ವಾರದ ಹೆಸರುಗಳು, ಷಡಕ್ಷರಿ ಮಂತ್ರ, ಲೆಬೋರ್ನನ ಬೈಗುಳ ಇವೆಲ್ಲ ಕಟ್ಟುವ ಮಾತುಗಳಲ್ಲ. ಸಾವಿರ ಸಲ ಆಡಿ ಆಡಿ ಅಖಂಡವಾಗಿ ನೆಲೆನಿಂತವು. ಅವುಗಳಿಗೆ ಮಿದುಳಿನ ಆಳದಲ್ಲಿರುವ, ಅಭ್ಯಾಸಬಲವನ್ನು ಕಾಯ್ದಿಡುವ ಭಾಗಗಳೂ ಬಲ ಅರ್ಧಗೋಳವೂ ನೆರವಾಗುತ್ತವೆ. ರಾಗವೂ ಬಹುಮಟ್ಟಿಗೆ ಬಲಭಾಗದ ಆಶ್ರಯದಲ್ಲಿದೆ. ಆದುದರಿಂದ ಆ ಸಂಜೆ ನಡೆದದ್ದು ಪವಾಡವೂ ಅಲ್ಲ, ಹಟವೂ ಅಲ್ಲ. ಕಾರಣ ತಿಳಿಯಿತೆಂದು ನಮಗೆ ಆ ಹಾಡಿನ ಮೇಲಿನ ಗೌರವ ಕಡಿಮೆಯಾಗಿಲ್ಲ. ಅರವತ್ತು ವರ್ಷದ ನಿತ್ಯಪಠಣ ಅಷ್ಟು ಆಳಕ್ಕೆ ಇಳಿದಿತ್ತಲ್ಲವೇ! ನಮ್ಮ ಪಾಠಶಾಲೆಯ ದಿನಗಳಲ್ಲಿ ಬೆಳಗಿನ ಜಾವ ಎಬ್ಬಿಸಿ ಬಾಯಿಪಾಠ ಮಾಡಿಸುತ್ತಿದ್ದ ಗುರುಗಳನ್ನು ನಾವು ಒಳಗೊಳಗೇ ಶಪಿಸಿದ್ದುಂಟು. ಅರ್ಥವಿಲ್ಲದ ಬಾಯಿಪಾಠ ಜ್ಞಾನವಲ್ಲವೆಂಬುದನ್ನು ಈಗಲೂ ಒಪ್ಪುತ್ತೇವೆ. ಶಾಪವನ್ನು ಮಾತ್ರ ಹಿಂದಕ್ಕೆ ಪಡೆದಿದ್ದೇವೆ.

ಈ ರಾಗದ ದಾರಿಯನ್ನೇ ಸೇತುವೆ ಮಾಡಿಕೊಂಡು 1973ರಲ್ಲಿ ಅಮೆರಿಕದ ಬೋಸ್ಟನ್ನಿನ ವೈದ್ಯರು ಒಂದು ಚಿಕಿತ್ಸೆಯನ್ನು ಪ್ರಕಟಿಸಿದರು. ರೋಗಿ ಎಡಗೈಯಿಂದ ತಾಳ ಹಾಕುತ್ತ, ನಿತ್ಯ ಬೇಕಾಗುವ ಚಿಕ್ಕ ಮಾತುಗಳನ್ನು ಎಳೆದು ರಾಗವಾಗಿ ಹೇಳುತ್ತಾನೆ. ಕ್ರಮೇಣ ರಾಗವನ್ನು ಕಳಚಿ ಮಾತನ್ನು ಉಳಿಸಿಕೊಳ್ಳುತ್ತಾನೆ. ಎಲ್ಲರಿಗೂ ಫಲಿಸುವುದಿಲ್ಲ. ವಚನ ಹಾಡಿಸಿದ ಮಾತ್ರಕ್ಕೆ ಮಾತು ಮರಳುತ್ತದೆಂದು ಯಾರೂ ತಿಳಿಯಬಾರದು. ತರಬೇತಾದ ವಾಕ್‌ಚಿಕಿತ್ಸಕರ ಕೈಯಲ್ಲಿ ಅದೊಂದು ಉಪಾಯ. ನಮ್ಮ ನಾಡಿನಲ್ಲಿ ಈ ವಿದ್ಯೆಗೆಂದೇ ಮೈಸೂರಿನಲ್ಲಿ 1960ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ ಎಂಬುದು ಅನೇಕ ಮನೆಗಳಿಗೆ ತಿಳಿದೇ ಇಲ್ಲ.

ಪಾಟಿಯ ಮೇಲೆ ಬರೆದು ತೋರಿಸಲಿ ಎಂದು ಆ ಮನೆಯ ಮೊಮ್ಮಗ ಬಳಪ ಕೊಟ್ಟಿದ್ದನಂತೆ. ನಾಲ್ಕು ದಶಕ ಖಾತೆಪುಸ್ತಕ ಬರೆದವರು ಎಡಗೈಯಲ್ಲಿ ಎರಡು ಗೀಟು ಎಳೆದು ಪಾಟಿಯನ್ನು ತಳ್ಳಿಬಿಟ್ಟರು. ಗಂಟಲು ಕಟ್ಟಿದವನು ಬರೆಯಬಲ್ಲ. ಇಲ್ಲಿ ಪೆಟ್ಟಾಗಿರುವುದು ಭಾಷೆಗೇ ಆದುದರಿಂದ ಬರವಣಿಗೆಯೂ ಸಾಮಾನ್ಯವಾಗಿ ಜೊತೆಗೇ ಕುಂಟುತ್ತದೆ.

ಇನ್ನೊಂದು ಸೋಜಿಗ. ತಿಂಗಳ ಕೊನೆಯ ಹೊತ್ತಿಗೆ ಹಿರಿಯರ ಬಾಯಿಂದ ಒಂದೊಂದು ಪದ ಹೊರಡತೊಡಗಿತು, ಅದೂ ಮರಾಠಿಯಲ್ಲಿ. ಮನೆಮಾತಾದ ಕನ್ನಡವನ್ನು ಬಿಟ್ಟು ಪೇಟೆಯ ಮಾತು ಮೊದಲು ಬಂತೆಂದು ಹೆಂಡತಿಗೆ ವ್ಯಥೆಯಾಯಿತು. ಹೆಚ್ಚು ಬಳಸಿದ ಭಾಷೆ ಮೊದಲು ಮರಳುತ್ತದೆಂದು ಫ್ರಾನ್ಸಿನ ಪಿತ್ರ್ ಎಂಬ ವೈದ್ಯರು 1895ರಲ್ಲಿ ಹೇಳಿದ್ದರು. ಬಾಲ್ಯದ ಭಾಷೆಯೇ ಮೊದಲೆಂದು ಹೇಳಿದವರೂ ಇದ್ದಾರೆ. ರೋಗಿಗಳು ಎರಡು ನಿಯಮಗಳನ್ನೂ ಮುರಿದಿದ್ದಾರೆ. ಎರಡು ಭಾಷೆಗಳು ಮಿದುಳಿಗೆ ಹೊರೆಯೆಂದು ಮಾತ್ರ ಯಾರೂ ಭಾವಿಸಬಾರದು. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಲಕ್ವಾ ಆದ 608 ಜನರನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗದ ನಂತರವೂ ಬುದ್ಧಿಶಕ್ತಿ ಸರಿಯಾಗಿ ಉಳಿದವರು ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ನೂರಕ್ಕೆ 40.5, ಒಂದೇ ಭಾಷೆಯವರಲ್ಲಿ 19.6. ಮಾತು ಕಳೆದುಕೊಳ್ಳುವ ಪ್ರಮಾಣದಲ್ಲಿ ಭೇದ ಕಾಣಲಿಲ್ಲ. ಗಡಿನಾಡಿನ ನಮ್ಮ ಮನೆಗಳು ಎರಡು ಮೂರು ಭಾಷೆಗಳ ನಡುವೆ ಬಾಳುವುದು ಒಂದು ಭಾಗ್ಯವೇ ಸರಿ.

ಬೆಳೆದ ಮಿದುಳು ಇನ್ನೇನು ಕಲಿತೀತು ಎಂಬ ನಿರಾಶೆಯೂ ಬೇಡ. ಉತ್ತರ ಪ್ರದೇಶದ ಲಖನೌ ಬಳಿಯ ಹಳ್ಳಿಗಳಲ್ಲಿ ನಿರಕ್ಷರರಿಗೆ, ಬಹುಪಾಲು ಮೂವತ್ತರ ವಯಸ್ಸಿನ ಸ್ತ್ರೀಯರಿಗೆ, ಆರು ತಿಂಗಳು ನಾಗರಿ ಅಕ್ಷರ ಕಲಿಸಿ ಮಿದುಳನ್ನು ಪರೀಕ್ಷಿಸಿದಾಗ, ಅದರ ಆಳದ ಭಾಗಗಳ ಸಂಪರ್ಕಗಳು ಕೂಡ ಬದಲಾಗಿದ್ದವು. 2017ರಲ್ಲಿ ಈ ವರದಿ ಬಂದಿತು. ಲಕ್ವಾದಲ್ಲಿ ಸತ್ತ ನರಕೋಶ ಮತ್ತೆ ಹುಟ್ಟಿ ಬರುವುದಿಲ್ಲ. ಉಳಿದವು ಹೊಸ ಸಂಪರ್ಕ ಕಟ್ಟಿಕೊಳ್ಳುತ್ತವೆ. ಮೊದಲ ಕೆಲವು ತಿಂಗಳಲ್ಲಿ ಈ ಕೆಲಸ ಚುರುಕು, ಅನಂತರ ನಿಧಾನ, ಆದರೆ ನಿಲ್ಲುವುದಿಲ್ಲ. ಅದಕ್ಕೆ ಬೇಕಾದದ್ದು ಮಾತಿನ ಸಹವಾಸ. ಕಿವುಡರೊಡನೆ ಮಾತಾಡುವಂತೆ ಕೂಗಬಾರದು, ಕಿವಿ ಸರಿಯಾಗಿಯೇ ಇದೆ. ದೂರದರ್ಶನವನ್ನು ಆರಿಸಿ, ಎದುರಿಗೆ ಕುಳಿತು, ಒಂದು ಸಲಕ್ಕೆ ಒಂದೇ ಚಿಕ್ಕ ಮಾತು. ಹೌದು ಅಥವಾ ಅಲ್ಲ ಎನ್ನಬಹುದಾದ ಪ್ರಶ್ನೆ. ಉತ್ತರಕ್ಕೆ ಕಾಯುವ ತಾಳ್ಮೆ. ಅವರ ಪದವನ್ನು ನಾವೇ ಕಸಿದು ಮುಗಿಸುವ ಆತುರ ಬೇಡ. ಲೋಟ, ಔಷಧ, ಹೊಲ, ಮಗಳ ಭಾವಚಿತ್ರ ಹೀಗೆ ವಸ್ತುವನ್ನೇ ತೋರಿಸುವುದು ಸುಲಭ ಉಪಾಯ.

ಇದಕ್ಕೂ ಮೊದಲಿನದು ಕಾಲದ ಪ್ರಶ್ನೆ. ಮುಖ ಒಂದು ಕಡೆ ಜೋತುಬಿದ್ದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಎಣ್ಣೆ ತಿಕ್ಕುತ್ತ, ಬಲ್ಲವರಿಗಾಗಿ ಕಾಯುತ್ತ ಕೂಡಬಾರದು. ಕೂಡಲೇ 108ಕ್ಕೆ ಕರೆ ಮಾಡಿ, ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು. ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಆ ಮನೆಯಲ್ಲಿ ಒಂದು ಹಗಲು ಪೂರ್ತಿ ಕಳೆದುಹೋಗಿತ್ತು.

ತಿಳಿದದ್ದನ್ನೆಲ್ಲ ನಾವು ಆ ಮನೆಗೆ ಪತ್ರದಲ್ಲಿ ಬರೆದಿದ್ದೆವು. 2023ರ ಶ್ರಾವಣದಲ್ಲಿ ಮತ್ತೆ ಅಲ್ಲಿಗೆ ಹೋಗುವ ಯೋಗ ಬಂದಿತು. ಈ ಸಲ ನೇರವಾಗಿ ಹಿರಿಯರನ್ನೇ "ಆರಾಮ ಇದ್ದೀರೇನ್ರೀ?" ಎಂದು ಕೇಳಿದೆವು. ಬಹಳ ಹೊತ್ತು ಹಿಡಿಯಿತು. "ಹೂಂ, ಬರ್ರಿ" ಎಂದರು. ವರ್ಷವೆಲ್ಲ ವಾಕ್‌ಚಿಕಿತ್ಸೆ ನಡೆದಿತ್ತು. ಹೊಲ ಮಾರುವ ಮಾತು ಇನ್ನೂ ಇತ್ಯರ್ಥವಾಗಿರಲಿಲ್ಲ. ಹಿರಿಯ ಮಗ ಮೂರು ಹೊಲಗಳ ಉತಾರಗಳನ್ನು ತಂದೆಯ ಮುಂದೆ ಹರಡಿ, ಒಂದೊಂದರ ಮೇಲೂ ಬೆರಳಿಟ್ಟು, "ಇದನ್ನ ಮಾರೂದೇನಪ್ಪಾ?" ಎಂದು ಕೇಳುತ್ತ ಹೋದ. ಎರಡನೆಯದಕ್ಕೆ ಬಂದಾಗ ಹಿರಿಯರು ಎಡಗೈಯನ್ನು ಆ ಕಾಗದದ ಮೇಲೆ ಒತ್ತಿ ಹಿಡಿದರು. ತುಟಿ ಎರಡು ಮೂರು ಸಲ ಅಲುಗಿತು.

"ಬಾವಿ" ಎಂದರು.

ಅಣ್ಣತಮ್ಮಂದಿರು ಹಿಂದಿನ ವರ್ಷ ಮಾರಲು ನಿಶ್ಚಯಿಸಿದ್ದದ್ದು ಬಾವಿ ಇದ್ದ ಅದೇ ಹೊಲವನ್ನು. ಮಗ ಆ ಉತಾರವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟ.