ನಗಿಸುವವನ ಲೆಕ್ಕ ಹೆಂಗಿರ್ತದ? ಸ್ಪೇರ್ ಪಾರ್ಟ್ಸ್ ಅಂಗಡಿ ಬಿಟ್ಟು ಬಂದ ದ್ವಾರಕೀಶ್ ಕಥೆ

ಚಿಂಚೋಳಿ: ನಮ್ಮ ಕಡೆ ಜಾತ್ರೆಗೆ ಕಂಪನಿ ನಾಟಕ ಬಂದರೆ ಮೈಕ್‌ನಲ್ಲಿ ಕೂಗೋದು ಹಾಸ್ಯ ಕಲಾವಿದನ ಹೆಸರು. ಮಂದಿ ಟಿಕೆಟ್ ತಗೊಳ್ಳೋದೂ ಆತನ ಸಲುವಾಗಿಯೇ. ಆದರೆ ಗಲ್ಲಾದಲ್ಲಿ ಬಿದ್ದ ರೊಕ್ಕ ಮಾಲೀಕರದು, ನಗಿಸಿದವನಿಗೆ ಪಗಾರ. ಸಿನಿಮಾದಲ್ಲೂ ಇದೇ ಲೆಕ್ಕ. ಈ ಲೆಕ್ಕ ಒಪ್ಪದೆ ತಾನೇ ಗಲ್ಲಾ ಮೇಲೆ ಕೂತ ಹಾಸ್ಯನಟ ದ್ವಾರಕೀಶ್. ಕೂತಿದ್ದಕ್ಕೆ ಏನೇನು ತೆತ್ತರು ಅನ್ನೋದು ವ್ಯಾಪಾರಸ್ಥರಿಗೆ ಬೇಗ ತಿಳಿಯುತ್ತದೆ, ಯಾಕಂದ್ರೆ ಅವರೂ ಮೊದಲು ಅಂಗಡಿಕಾರರೇ.

ಹುಟ್ಟಿದ್ದು 1942ರ ಆಗಸ್ಟ್ 19ರಂದು ಹುಣಸೂರಿನಲ್ಲಿ. ಪೂರ್ತಿ ಹೆಸರು ಬಂಗ್ಲೆ ಶಾಮರಾವ್ ದ್ವಾರಕಾನಾಥ್. ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಅಣ್ಣನ ಜೊತೆ ‘ಭಾರತ್ ಆಟೋ ಸ್ಪೇರ್ಸ್’ ಅಂತ ಬಿಡಿಭಾಗಗಳ ಅಂಗಡಿ ಇಟ್ಟರು. ಅಂಗಡಿ ನಡೀತಿತ್ತು. ಆದರೆ ಸೋದರಮಾವ ಹುಣಸೂರು ಕೃಷ್ಣಮೂರ್ತಿ ಸಿನಿಮಾ ನಿರ್ದೇಶಕರು, ಹುಡುಗನ ತಲೆಯಲ್ಲಿ ಬಣ್ಣದ ಹುಚ್ಚು. 60ರ ದಶಕದ ಶುರುವಿನಲ್ಲಿ ಅಂಗಡಿ ಬಿಟ್ಟು ಹೊರಟರು. ದ್ವಾರಕಾನಾಥನನ್ನ ದ್ವಾರಕೀಶ್ ಮಾಡಿದ್ದು ನಿರ್ದೇಶಕ ಸಿ.ವಿ. ಶಿವಶಂಕರ್.

ಆಗ ಹಾಸ್ಯ ಅಂದರೆ ನರಸಿಂಹರಾಜು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಜೊತೆಗೇ ಬಂದವರು. ನಿರ್ಮಾಪಕರು ಮೊದಲು ಅವರ ಡೇಟ್ ತಗೊಂಡು ಆಮೇಲೆ ಹೀರೋ ಮನೆಗೆ ಹೋಗುತ್ತಿದ್ದರು ಅಂತ ಇವತ್ತಿಗೂ ಹೇಳ್ತಾರೆ. ಇನ್ನೊಬ್ಬರು ಬಾಲಕೃಷ್ಣ. ಕಿವಿ ಕೇಳದಿದ್ದರೂ ಎದುರಿನವರ ತುಟಿ ನೋಡಿ ಡೈಲಾಗ್ ಹಿಡಿಯುತ್ತಿದ್ದರು. ಕೆಂಗೇರಿ ಹತ್ತಿರ ಅಭಿಮಾನ್ ಸ್ಟುಡಿಯೋ ಕಟ್ಟಲು ಹೋಗಿ ರೊಕ್ಕಕ್ಕೆ ಬಹಳ ಒದ್ದಾಡಿದರು. ನಗಿಸುವವರು ಬಂಡವಾಳ ಹಾಕಿದರೆ ಏನಾಗುತ್ತದೆ ಅಂತ ದ್ವಾರಕೀಶ್‌ಗೆ ಗೊತ್ತಿರಲಿಲ್ಲ ಅಂತಲ್ಲ.

ಆದರೂ ಹಾಕಿದರು. 1966ರಲ್ಲಿ ಇತರರ ಜೊತೆ ಸೇರಿ ‘ಮಮತೆಯ ಬಂಧನ’, 1969ರಲ್ಲಿ ಸ್ವಂತ ಬ್ಯಾನರಿನಲ್ಲಿ ‘ಮೇಯರ್ ಮುತ್ತಣ್ಣ’. ಹೀರೋ ರಾಜಕುಮಾರ್, ನಿರ್ದೇಶಕ ಸಿದ್ದಲಿಂಗಯ್ಯ, ಅವರಿಗೆ ಅದು ಮೊದಲ ಸಿನಿಮಾ. ಸಿನಿಮಾ ಗೆದ್ದಿತು. ವಯಸ್ಸು ಆಗ 27 ನೋಡ್ರಿ.

ಇಲ್ಲಿ ಸಿನಿಮಾ ವ್ಯಾಪಾರ ಸ್ವಲ್ಪ ತಿಳಕೋಬೇಕು. ನಟನಿಗೆ ಕಾಲ್‌ಶೀಟ್ ಲೆಕ್ಕದ ಸಂಭಾವನೆ, ಸಿನಿಮಾ ಓಡಲಿ ಬಿಡಲಿ. ನಿರ್ಮಾಪಕ ಬಡ್ಡಿಗೆ ಸಾಲ ತರಬೇಕು. ರೀಲ್ ಕಾಲದಲ್ಲಿ ಸಾಲ ಕೊಟ್ಟವರ ಹಿಡಿತ ಲ್ಯಾಬ್‌ನಲ್ಲಿದ್ದ ನೆಗೆಟಿವ್ ಮೇಲೆ ಇರುತ್ತಿತ್ತು. ಅವರದು ತೀರದೆ ಪ್ರಿಂಟ್ ಹೊರಗೆ ಬರೋದು ಕಷ್ಟ. ಆಮೇಲೆ ಏರಿಯಾ ಏರಿಯಾ ಮಾರಾಟ. ನಮ್ಮದು ‘ಹೈದರಾಬಾದ್ ಕರ್ನಾಟಕ’ ಏರಿಯಾ. ಹಂಚಿಕೆದಾರ ಮುಂಗಡ ಕೊಡದಿದ್ದರೆ ಬಡ್ಡಿ ನಿರ್ಮಾಪಕನ ತಲೆ ಮೇಲೆ. ಅಂಗಡಿಯಲ್ಲಿ ಮಾಲು ಉಳಿದರೆ ಮುಂದಿನ ಸೀಸನ್‌ಗೆ ಮಾರಬಹುದು. ಶುಕ್ರವಾರ ಬಿದ್ದ ಸಿನಿಮಾ ಸೋಮವಾರಕ್ಕೆ ಹಳಸಿದ ಅನ್ನ.

ದ್ವಾರಕೀಶ್ ಜಾಣತನ ಏನಂದರೆ, ಮಂದಿ ಯಾವುದಕ್ಕೆ ನಗುತ್ತಿದ್ದರೋ ಅದನ್ನೇ ಟ್ರೇಡ್‌ಮಾರ್ಕ್ ಮಾಡಿಕೊಂಡದ್ದು. ಎತ್ತರ ಕಮ್ಮಿ. ಬೇರೆಯವರು ಕುಳ್ಳ ಅನ್ನೋ ಮೊದಲೇ ಪೋಸ್ಟರ್ ಮೇಲೆ ತಾವೇ ಬರೆಸಿದರು: ‘ಕುಳ್ಳ ಏಜೆಂಟ್ 000’, ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’, ‘ಪ್ರಚಂಡ ಕುಳ್ಳ’. 1972ರ ‘ಕುಳ್ಳ ಏಜೆಂಟ್’ನಲ್ಲಿ ತಾವೇ ಹೀರೋ. ಕಿಶೋರ್ ಕುಮಾರ್ ಹಾಡಿದ ಕನ್ನಡ ಹಾಡು ಇದೇ ಸಿನಿಮಾದ್ದು. 1978ರ ‘ಸಿಂಗಾಪುರ’ದ ಸಿನಿಮಾಕ್ಕೆ ಇಡೀ ಯೂನಿಟ್ ವಿದೇಶಕ್ಕೆ ಹೋಯಿತು, ಕನ್ನಡಕ್ಕೆ ಅದು ಹೊಸದು. ಬಡ್ಡಿ ರೊಕ್ಕದಲ್ಲಿ ವಿಮಾನ ಹತ್ತೋದಕ್ಕೆ ಧೈರ್ಯ ಅನ್ನಬೇಕೋ ಹುಚ್ಚು ಅನ್ನಬೇಕೋ, ಎರಡೂ ಇತ್ತು ಅನಿಸುತ್ತದೆ.

1977ರ ‘ಕಿಟ್ಟು ಪುಟ್ಟು’ವಿನಲ್ಲಿ ವಿಷ್ಣುವರ್ಧನ್ ಜೊತೆ ಜೋಡಿಯಾದರು. 1981ರ ‘ಗುರು ಶಿಷ್ಯರು’ ಈಗಲೂ ಟಿವಿಯಲ್ಲಿ ಬಂದರೆ ಮನೆಮಂದಿ ಎಲ್ಲಾ ಕೂತು ನೋಡ್ತಾರೆ. ಆಮೇಲೆ ಇಬ್ಬರಿಗೂ ಮುನಿಸು, ಮತ್ತೆ ದೋಸ್ತಿ, ಮತ್ತೆ ಮುನಿಸು. ಇದನ್ನ ಅವರು ಮುಚ್ಚಿಡಲಿಲ್ಲ. ರಜನಿಕಾಂತ್ ಜೊತೆ ತಮಿಳು, ಹಿಂದಿಗೂ ಹೋಗಿ ಬಂದರು. 1986ರಲ್ಲಿ ‘ಆಫ್ರಿಕಾದಲ್ಲಿ ಶೀಲಾ’ಕ್ಕಾಗಿ ಆಫ್ರಿಕಾ ಕಂಡರು. 1987ರ ‘ಡ್ಯಾನ್ಸ್ ರಾಜ ಡ್ಯಾನ್ಸ್’, 1990ರ ‘ಶ್ರುತಿ’ ಗೆದ್ದವು. ‘ಶ್ರುತಿ’ಯಲ್ಲಿ ಹೊಸಬರನ್ನ ಹಾಕಿಕೊಂಡಿದ್ದರು, ಖರ್ಚೂ ಕಮ್ಮಿ. ಅದೇ ದಾರಿ ಹಿಡಿದಿದ್ದರೆ ಉಳೀತಿದ್ದರೇನೋ.

ಉಳಿಯಲಿಲ್ಲ. ಸಾಲು ಸೋಲು ಬಂತು, ಮನೆಗಳು ಹೋದವು. ಸಿನಿಮಾದಲ್ಲಿ ಗಳಿಸಿದ್ದು ಸಿನಿಮಾದಲ್ಲೇ ಕಳೆದೆ ಅನ್ನೋದನ್ನ ಸಂದರ್ಶನಗಳಲ್ಲಿ ಅವರು ಅಳುತ್ತಾ ಹೇಳಲಿಲ್ಲ, ಕಾಮಿಡಿ ಸೀನ್ ಹೇಳಿದ ಹಾಗೆ ಹೇಳುತ್ತಿದ್ದರು. ಕೇಳೋರು ನಗುತ್ತಿದ್ದರು. ಸಾಲದ ಮಾತಿಗೂ ಮಂದಿ ನಗ್ತಾರೆ ಅಂದರೆ ಅದು ಹಾಸ್ಯನಟನ ಗೆಲುವೋ ಶಾಪವೋ, ನಮಗಂತೂ ಎರಡನೇದೇ ಅನಿಸುತ್ತದೆ. ಉಡುಪಿಯ ಬಟ್ಟೆ ವ್ಯಾಪಾರಿಯೋ ಚಿಂಚೋಳಿಯ ಕಿರಾಣಿಯವರೋ ದಿವಾಳಿ ಅಂದರೆ ಯಾರೂ ಚಪ್ಪಾಳೆ ತಟ್ಟೋದಿಲ್ಲ.

2004ರಲ್ಲಿ ಮತ್ತೆ ವಿಷ್ಣುವರ್ಧನ್ ಹತ್ತಿರ ಹೋದರು. ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’. ಏಪ್ರಿಲ್‌ನಲ್ಲಿ ನಾಯಕಿ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಸಿನಿಮಾ ಆಗಸ್ಟ್‌ನಲ್ಲಿ ಬಂತು. ಒಂದು ವರ್ಷ ಓಡಿತು. ವಯಸ್ಸು 62, ಸಾಲ ತೀರಿತು, ಮಾನ ಉಳೀತು. ಬೇರೆ ಯಾರಾದರೂ ಅಲ್ಲಿಗೆ ಷಟರ್ ಎಳೀತಿದ್ದರು. ಇವರು ಎಳೆಯಲಿಲ್ಲ. 2017ರ ‘ಚೌಕ’ ಬ್ಯಾನರಿನ 50ನೇ ಸಿನಿಮಾ. 2019ರಲ್ಲಿ ಶಿವರಾಜಕುಮಾರ್ ಜೊತೆ ‘ಆಯುಷ್ಮಾನ್ ಭವ’, 52ನೇದು.

ಬದುಕಿದ್ದಾಗಲೇ ಅವರು ಹೋದರು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿ, ‘ನಾನಿದ್ದೀನಿ’ ಅಂತ ಅವರೇ ತಿಳಿಸಬೇಕಾಗಿ ಬಂದಿತ್ತು. ನಿಜವಾದ ಸುದ್ದಿ ಬಂದದ್ದು 2024ರ ಏಪ್ರಿಲ್ 16ಕ್ಕೆ. ಮೂರು ವರ್ಷದ ಹಿಂದೆ ಅದೇ ತಾರೀಖಿಗೆ ಅವರ ಹೆಂಡತಿ ಅಂಬುಜಾ ತೀರಿಕೊಂಡಿದ್ದರು. ಬ್ಯಾನರ್ ಈಗ ಮಗ ಯೋಗೀಶ್ ಕೈಯಲ್ಲಿದೆ.